ಕಪ್ಪೆ, ಕೋಟಿ, ಮೈಕ್ರೋವೇವ್: ನಮ್ಮ ವಿಜ್ಞಾನ ಪಾಡ್‌ಕಾಸ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಗಾಗಿ ನಾವಿಬ್ಬರು ವಾರಕ್ಕೊಮ್ಮೆ ಕನ್ನಡದಲ್ಲಿ ವಿಜ್ಞಾನ ಸುದ್ದಿ ಹೇಳುತ್ತೇವೆ. ಇಪ್ಪತ್ತೈದು ನಿಮಿಷ, ನಾಲ್ಕು ಸುದ್ದಿ, ಮಧ್ಯೆ ಮಧ್ಯೆ ತಲೆಹರಟೆ. ಕೇಳುಗರ ಪ್ರಶ್ನೆಗಳಿಗೆ ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಯಿತು, ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಬರೆಯುತ್ತಿರುವುದು ನಾನು, ಅಂದರೆ ನೀವು ಕೇಳುವ ಎರಡು ದನಿಗಳಲ್ಲಿ ಪ್ರಶ್ನೆ ಕೇಳಿ ಬೈಸಿಕೊಳ್ಳುವ ದನಿ. ಉತ್ತರ ಹೇಳುವ ದನಿಗೆ ಪುರುಸೊತ್ತಿಲ್ಲ. ಅವಳಿಗೆ ಪ್ರಯೋಗಾಲಯದಲ್ಲಿ ನಿಜವಾದ ಕೆಲಸ ಇದೆ.

ನೀವಿಬ್ಬರೂ ವಿಜ್ಞಾನಿಗಳಾ?

ಅವಳು ಹೌದು, ಜೀವಶಾಸ್ತ್ರದಲ್ಲಿ ಪಿಎಚ್‌ಡಿ. ನಾನು ಕನ್ನಡ ಎಂ.ಎ., ಸಂಸ್ಥೆಯ ಸಂಪರ್ಕ ವಿಭಾಗದಲ್ಲಿ ಕೆಲಸ. ಪಿಯುಸಿಯಲ್ಲಿ ಭೌತವಿಜ್ಞಾನ ಪಾಸಾಗಿದ್ದೇ ಮನೆದೇವರ ದಯೆ.

ಎಲ್ಲ ಮೊದಲೇ ಬರೆದುಕೊಂಡಿರುತ್ತೀರಾ? ನಿಮ್ಮ ಆ "ಹೌದಾ!" ಎಲ್ಲ ನಾಟಕ ತಾನೇ?

ನಾಟಕ ಅಲ್ಲ. ಆದರೆ ಶುರುವಿನ ಎಪಿಸೋಡ್‌ಗಳಲ್ಲಿ ನಾಟಕವೇ ಆಗಿತ್ತು, ಒಪ್ಪಿಕೊಳ್ಳುತ್ತೇನೆ.

ಆಗ ಇಬ್ಬರೂ ವಿಜ್ಞಾನಿಗಳ ಸಂಶೋಧನಾ ಪೇಪರ್ ಓದಿಕೊಂಡು ಬರುತ್ತಿದ್ದೆವು. ಇಬ್ಬರೂ ಶ್ರದ್ಧೆಯಿಂದ ತಯಾರಾಗಿದ್ದೇವೆ ಅಂತ ನಮಗೆ ಖುಷಿ. ಅವಳು ಒಂದು ವಿಷಯ ಹೇಳಿದರೆ ನಾನು "ಹೌದು, ಮತ್ತೆ ಅದರಲ್ಲಿ ಇನ್ನೊಂದು ಏನಂದ್ರೆ" ಅನ್ನುವುದು, ನಾನು ಹೇಳಿದರೆ ಅವಳು "ನಿಜ ನಿಜ" ಅನ್ನುವುದು. ಮೂರನೇ ಎಪಿಸೋಡ್ ಕೇಳಿ ನಮ್ಮಮ್ಮ ಒಂದೇ ಮಾತು ಹೇಳಿದರು: "ನೀವಿಬ್ರೂ ಒಬ್ರಿಗೊಬ್ರು ಪಾಠ ಒಪ್ಪಿಸ್ತಾ ಇದ್ದೀರಿ ಕಣೋ, ಮಧ್ಯೆ ನನ್ನನ್ಯಾಕೆ ಕೂರಿಸಿದ್ದೀರಿ?"

ಅವತ್ತಿನಿಂದ ಒಂದೇ ನಿಯಮ. ಒಂದು ಸುದ್ದಿಯನ್ನು ಒಬ್ಬರೇ ಓದಬೇಕು. ಇನ್ನೊಬ್ಬರು ಓದುವ ಹಾಗಿಲ್ಲ, ಕೇಳುವ ಹಾಗಿಲ್ಲ, ಕಾರಿಡಾರಿನಲ್ಲಿ ಯಾರಾದರೂ ಆ ವಿಷಯ ಎತ್ತಿದರೆ ಎದ್ದು ಕಾಫಿಗೆ ಹೋಗಬೇಕು. ಓದಿದವರ ಕೈಯಲ್ಲಿ ಒಂದು ಪುಟದ ಟಿಪ್ಪಣಿ ಇರುತ್ತದೆ, ಓದದವರ ಕೈಯಲ್ಲಿ ಖಾಲಿ ಹಾಳೆ. ನಾಲ್ಕರಲ್ಲಿ ಮೂರು ಅವಳು ಓದುತ್ತಾಳೆ, ಒಂದು ನಾನು.

ಇದರಿಂದ ಏನಾಗುತ್ತದೆ ಅಂದರೆ, ಓದದವನು ನಿಜವಾಗಿಯೂ ತಡವರಿಸುತ್ತಾನೆ. ಒಮ್ಮೆ ಅವಳು ವಿಶ್ವ ಹಿಗ್ಗುತ್ತಿದೆ ಅಂತ ಹೇಳುತ್ತಿದ್ದಳು. ನಾನು ಕೇಳಿದೆ, "ಹಾಗಾದ್ರೆ ನಮ್ಮ ಮೂವತ್ತು-ನಲವತ್ತರ ಸೈಟೂ ಹಿಗ್ಗುತ್ತಾ?" ತಮಾಷೆಗೆ ಕೇಳಿದ್ದಲ್ಲ, ನಿಜವಾಗಿ ಅನುಮಾನ ಬಂದಿತ್ತು. ಅವಳು ಸುಮಾರು ಹೊತ್ತು ಮಾತಾಡಲಿಲ್ಲ (ಆ ಮೌನವನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದೇವೆ). ಆಮೇಲೆ ಬಿಡಿಸಿ ಹೇಳಿದಳು: ಹಿಗ್ಗುವುದು ದೂರ ದೂರದ ಗ್ಯಾಲಕ್ಸಿ ಗುಂಪುಗಳ ನಡುವಿನ ಜಾಗ. ಗುರುತ್ವವೋ ಅಣುಗಳ ನಡುವಿನ ಹಿಡಿತವೋ ಗಟ್ಟಿಯಾಗಿ ಕಟ್ಟಿಹಾಕಿದ ವಸ್ತುಗಳು ಹಿಗ್ಗುವುದಿಲ್ಲ. ಸೌರಮಂಡಲವೂ ಇಲ್ಲ, ಭೂಮಿಯೂ ಇಲ್ಲ, ಸೈಟೂ ಇಲ್ಲ, ಸೊಂಟವೂ ಇಲ್ಲ. ಸೊಂಟದ್ದಕ್ಕೆ ಬೇರೆ ಕಾರಣ ಇದೆ ಅಂದಳು. ಅವಳು ಮೊದಲು ಬರೆದುಕೊಂಡು ಬಂದಿದ್ದ ಪುಟದಲ್ಲಿ ಈ ಮಾತು ಇರಲೇ ಇಲ್ಲ. ಅವಳಿಗೆ ಅದು ಎಷ್ಟು ಸಹಜ ಅಂದರೆ, ಯಾರಿಗಾದರೂ ಗೊಂದಲ ಆಗಬಹುದು ಅಂತಲೇ ಹೊಳೆದಿರಲಿಲ್ಲ.

ಗೊತ್ತಿಲ್ಲದವನೊಬ್ಬ ಪಕ್ಕದಲ್ಲಿ ಕೂತಿರಬೇಕು, ಅವನಿಗೆ ಸಂಬಳವೂ ಸಿಗಬೇಕು. ನನ್ನ ಕೆಲಸದ ವಿವರ ಇಷ್ಟೇ.

ಸುದ್ದಿ ಆರಿಸುವುದು ಹೇಗೆ?

ಸೋಮವಾರ ಕೂತು ಪಟ್ಟಿ ಮಾಡುತ್ತೇವೆ. ಒಂದಿಷ್ಟು ಸುದ್ದಿ ಎಂಬಾರ್ಗೊ ಮೇಲೆ ಬರುತ್ತದೆ. ಅಂದರೆ ಪೇಪರ್ ಅನ್ನು ಮೊದಲೇ ಓದಲು ಕೊಡುತ್ತಾರೆ, ಆದರೆ ಹೇಳಿದ ಗಂಟೆ ಆಗುವವರೆಗೆ ಬಾಯಿ ಬಿಡುವ ಹಾಗಿಲ್ಲ. 'ನೇಚರ್' ಪತ್ರಿಕೆಯದು ಸಾಮಾನ್ಯವಾಗಿ ಬುಧವಾರ ಲಂಡನ್ನಿನ ಸಂಜೆ ನಾಲ್ಕು ಗಂಟೆಗೆ ಬಿಡುಗಡೆ. ನಮಗೆ ಅದು ಅಲ್ಲಿಯ ಬೇಸಿಗೆಯಲ್ಲಿ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ಮನೆಯವರಿಗೆ ಊಟದ ಹೊತ್ತು, ನಮಗೆ ಸುದ್ದಿಯ ಹೊತ್ತು.

ಪಟ್ಟಿ ಆದ ಮೇಲೆ ಬಸ್ಸಿನ ಪರೀಕ್ಷೆ. ಮೆಜೆಸ್ಟಿಕ್‌ನಲ್ಲಿ ಹತ್ತಿದವರು ಪಕ್ಕದ ಸೀಟಿನವರಿಗೆ ಬನಶಂಕರಿ ಬರುವುದರೊಳಗೆ ಇದನ್ನು ಹೇಳಿ ಮುಗಿಸಬಹುದಾ? ಅವರು ಕಿಟಕಿ ಕಡೆ ತಿರುಗದೆ ಕೇಳುತ್ತಾರಾ? ಎರಡಕ್ಕೂ ಹೌದು ಅಂದರೆ ಸುದ್ದಿ ಒಳಗೆ.

ಆಮೇಲೆ ಇಲಿಯ ಪರೀಕ್ಷೆ. "ಮರೆವಿನ ಕಾಯಿಲೆಗೆ ಮದ್ದು ಸಿಕ್ಕಿತು" ಅಂತ ತಲೆಬರಹ ಇದ್ದರೆ ಮೊದಲು ಹುಡುಕುವ ಪದ "ಇಲಿಗಳಲ್ಲಿ". ಹತ್ತನೇ ಪ್ಯಾರಾದಲ್ಲಿ ಎಲ್ಲೋ ಅವಿತುಕೊಂಡಿರುತ್ತದೆ. ನಾವು ಅದನ್ನು ಮೊದಲ ವಾಕ್ಯಕ್ಕೇ ಎಳೆದು ತರುತ್ತೇವೆ. ಇಲಿಯಲ್ಲಿ ಕೆಲಸ ಮಾಡಿದ್ದು ಮನುಷ್ಯರಲ್ಲಿ ಮಾಡದೆ ಹೋಗುವುದೇ ಜಾಸ್ತಿ. ಗಣೇಶನ ವಾಹನಕ್ಕೆ ಸಿಕ್ಕಷ್ಟು ಮದ್ದು ನಮಗಿನ್ನೂ ಸಿಕ್ಕಿಲ್ಲ.

ಕೊನೆಯದು, ಭಾರೀ ಸುದ್ದಿಯಾದರೆ ಒಂದು ವಾರ ಕಾಯುವುದು. 2023ರ ಜುಲೈನಲ್ಲಿ ದಕ್ಷಿಣ ಕೊರಿಯಾದಿಂದ ಎಲ್‌ಕೆ-99 ಅನ್ನುವ ವಸ್ತುವಿನ ಸುದ್ದಿ ಬಂತಲ್ಲ, ಸಾಮಾನ್ಯ ಉಷ್ಣತೆಯಲ್ಲೇ ತಡೆಯಿಲ್ಲದೆ ಕರೆಂಟು ಹರಿಯುತ್ತದೆ ಅಂತ? ಜಗತ್ತೆಲ್ಲ ಕುಣಿಯಿತು. ಕೆಲವೇ ವಾರಗಳಲ್ಲಿ ಬೇರೆ ಬೇರೆ ಪ್ರಯೋಗಾಲಯಗಳು ಮಾಡಿ ನೋಡಿದವು, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿ. ಅಂಥದ್ದೇನೂ ಕಾಣಲಿಲ್ಲ. ತಡವಾಗಿ ಹೇಳಿದರೆ ಯಾರೂ ಸಾಯುವುದಿಲ್ಲ ಅನ್ನುವುದು ವಿಜ್ಞಾನ ಸುದ್ದಿಯ ದೊಡ್ಡ ಸುಖ.

ನಿಮ್ಮಲ್ಲಿ ಕಪ್ಪೆಗಳೇ ಯಾಕೆ ಜಾಸ್ತಿ?

ಇದು ನಿಜಕ್ಕೂ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ನಾನೇನು ಮಾಡಲಿ, ಪಶ್ಚಿಮಘಟ್ಟ ಪಕ್ಕದಲ್ಲೇ ಇದೆ.

ಉತ್ತರ ಕನ್ನಡದ ಕಾಡಿನ ಹಳ್ಳಗಳಲ್ಲಿ ಒಂದು ಕಪ್ಪೆ ಇದೆ. ಹೆಣ್ಣು ನೀರಿನ ಮೇಲೆ ಚಾಚಿದ ಕಡ್ಡಿಗೋ ಬಂಡೆಗೋ ಮೊಟ್ಟೆ ಅಂಟಿಸಿ ಹೋದ ಮೇಲೆ, ಗಂಡು ಹಿಂಗಾಲ ಮೇಲೆ ನೆಟ್ಟಗೆ ನಿಂತು, ಮುಂಗೈಯಲ್ಲಿ ಹಳ್ಳದ ಕೆಸರು ತೆಗೆದು, ಮೊಟ್ಟೆಗಳಿಗೆ ಮೆತ್ತುತ್ತದೆ. ಥೇಟ್ ಮಡಕೆ ಮಾಡುವವರ ಹಾಗೆ. 2014ರಲ್ಲಿ ಅದನ್ನು ಹೊಸ ಪ್ರಭೇದ ಅಂತ ವಿವರಿಸಿದವರು ಅದಕ್ಕೆ ಇಟ್ಟ ವೈಜ್ಞಾನಿಕ ಹೆಸರು 'ನಿಕ್ಟಿಬಟ್ರಾಕಸ್ ಕುಂಬಾರ'. ಲ್ಯಾಟಿನ್ ಪಕ್ಕದಲ್ಲಿ ನಮ್ಮ ಕುಂಬಾರ ಕೂತಿದ್ದಾನೆ! ಇದನ್ನು ಹೇಳದೆ ಯಾವ ಕನ್ನಡ ಪಾಡ್‌ಕಾಸ್ಟ್ ಬಾಯಿ ಮುಚ್ಚಿಕೊಂಡಿರುತ್ತದೆ ಹೇಳಿ.

ಇನ್ನೊಂದು, ಮೈಮೇಲೆ ಅಣಬೆ ಎದ್ದ ಕಪ್ಪೆ. 2023ರ ಜೂನ್‌ನಲ್ಲಿ ಕಾರ್ಕಳದ ಕಡೆ, ಕುದುರೆಮುಖದ ತಪ್ಪಲಿನ ಒಂದು ಹೊಂಡದಲ್ಲಿ ಕೆಲವರು ಕಪ್ಪೆ ನೋಡಲು ಹೋಗಿದ್ದರು. ಅಲ್ಲಿದ್ದ ಹಲವು ಕಪ್ಪೆಗಳಲ್ಲಿ ಒಂದರ ಪಕ್ಕೆಯಿಂದ ಪುಟ್ಟ ಅಣಬೆ ಎದ್ದಿತ್ತು, ಕಪ್ಪೆ ಆರಾಮಾಗಿ ಕೂತಿತ್ತು. ಫೋಟೋ ನೋಡಿದ ಅಣಬೆ ತಜ್ಞರು ಅದು ಮೈಸೀನಾ ಜಾತಿಯದು, ಸಾಮಾನ್ಯವಾಗಿ ಕೊಳೆತ ಮರದ ಮೇಲೆ ಬರುವಂಥದ್ದು ಅಂದರು. ಬದುಕಿರುವ ಕಪ್ಪೆಯ ಮೇಲೆ ಅಣಬೆ ಅದಕ್ಕೆ ಮೊದಲು ಯಾರೂ ದಾಖಲಿಸಿರಲಿಲ್ಲ. ಕಪ್ಪೆಯನ್ನು ಅವರು ಹಿಡಿದು ತರಲಿಲ್ಲ, ಹಾಗಾಗಿ ಆಮೇಲೆ ಏನಾಯಿತು ಯಾರಿಗೂ ಗೊತ್ತಿಲ್ಲ. ಕೇಳುಗರು ಈಗಲೂ ವಿಚಾರಿಸುತ್ತಾರೆ, ನೆಂಟರ ಯೋಗಕ್ಷೇಮ ಕೇಳಿದ ಹಾಗೆ.

ಮೂರನೆಯದು ನಮ್ಮದಲ್ಲ, ನೆದರ್ಲೆಂಡ್ಸ್‌ನ ಕಪ್ಪೆ. 1997ರಲ್ಲಿ ಆಂದ್ರೆ ಗೈಮ್ ಒಂದು ಜೀವಂತ ಕಪ್ಪೆಯನ್ನು ಸುಮಾರು 16 ಟೆಸ್ಲಾದ ಅಯಸ್ಕಾಂತದೊಳಗೆ ಗಾಳಿಯಲ್ಲಿ ತೇಲಿಸಿದರು. ಮೈಯಲ್ಲಿರುವ ನೀರನ್ನು ಕಾಂತಕ್ಷೇತ್ರ ಸ್ವಲ್ಪವೇ ಸ್ವಲ್ಪ ದೂರ ತಳ್ಳುತ್ತದೆ, ಅಯಸ್ಕಾಂತ ಅಷ್ಟು ಜೋರಾಗಿದ್ದರೆ ಆ ಸ್ವಲ್ಪವೇ ಸಾಕು. ಅದಕ್ಕೆ 2000ದಲ್ಲಿ ಇಗ್ ನೊಬೆಲ್ ಅನ್ನುವ ತಮಾಷೆ ಬಹುಮಾನ ಬಂತು. ಹತ್ತು ವರ್ಷದ ಮೇಲೆ ಅದೇ ಮನುಷ್ಯನಿಗೆ ಗ್ರ್ಯಾಫೀನ್ (ಒಂದೇ ಪರಮಾಣುವಿನಷ್ಟು ತೆಳುವಾದ ಇಂಗಾಲದ ಹಾಳೆ) ಕೆಲಸಕ್ಕೆ ನಿಜವಾದ ನೊಬೆಲ್ ಬಂತು.

ನಿಮಗೆ ತುಂಬಾ ಇಷ್ಟವಾದ ಎಪಿಸೋಡ್ ಯಾವುದು?

ಮೂಗಿನದ್ದು.

ಇಗ್ ನೊಬೆಲ್ ಬಗ್ಗೆ ಮಾತಾಡುತ್ತಿದ್ದಾಗ ಅವಳು ಕೇಳಿದಳು, "ಬೆಂಗಳೂರಿಗೂ ಒಂದು ಬಂದಿದೆ ಗೊತ್ತಾ?" ಗೊತ್ತಿರಲಿಲ್ಲ. 2001ರಲ್ಲಿ ನಿಮ್ಹಾನ್ಸ್‌ನ ಇಬ್ಬರು ವೈದ್ಯರಿಗೆ ಬಂದಿದೆ. ನಾಲ್ಕು ಶಾಲೆಗಳ 200 ಹದಿಹರೆಯದ ಮಕ್ಕಳನ್ನು ಅವರು ಒಂದೇ ವಿಷಯ ಕೇಳಿದ್ದರು: ಮೂಗಿನಲ್ಲಿ ಬೆರಳು ಹಾಕುತ್ತೀರಾ, ದಿನಕ್ಕೆ ಎಷ್ಟು ಸಲ? ಹೆಚ್ಚುಕಮ್ಮಿ ಎಲ್ಲರೂ ಹೌದು ಅಂದರು. ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನ ಹುಡುಗನ ಲೆಕ್ಕ ದಿನಕ್ಕೆ ನಾಲ್ಕು ಸಲ. ಶೇ. 7.6ರಷ್ಟು ಮಕ್ಕಳದು ಇಪ್ಪತ್ತಕ್ಕೂ ಜಾಸ್ತಿ.

ನಾನು ನಕ್ಕು ನಕ್ಕು ಮೈಕಿನಿಂದ ದೂರ ಹೋದೆ. ಅವಳು ಕಾದಳು. ಆಮೇಲೆ ಮೆಲ್ಲಗೆ ಹೇಳಿದಳು, ಆ ಮಕ್ಕಳಲ್ಲಿ ಕೆಲವರಿಗೆ ಮೂಗಿನಿಂದ ರಕ್ತ ಬರುತ್ತಿತ್ತು, ಕೆಲವರಿಗೆ ಇದು ಬಿಡಲಾಗದ ಚಟ ಅಂತ ತಮಗೇ ಅನ್ನಿಸಿತ್ತು. ಎಲ್ಲರೂ ಮಾಡುವ, ಯಾರೂ ಹೇಳದ ಒಂದು ಅಭ್ಯಾಸ ಎಲ್ಲಿಯವರೆಗೆ ಬರೀ ಅಭ್ಯಾಸ, ಎಲ್ಲಿಂದ ತೊಂದರೆ? ಕೇಳದೆ ಗೊತ್ತಾಗುವುದು ಹೇಗೆ? ನಾನು ಮೈಕಿನ ಹತ್ತಿರ ವಾಪಸ್ ಬಂದೆ. ಅವಳು ಈ ಎರಡನೇ ಭಾಗವನ್ನೇ ಮೊದಲು ಹೇಳಿದ್ದರೆ ನಾನು ನಗುತ್ತಿರಲಿಲ್ಲ, ಮರುದಿನಕ್ಕೆ ಮರೆತೂಬಿಡುತ್ತಿದ್ದೆ.

ಸಂಸ್ಥೆ ಹೇಳಿದ್ದನ್ನೇ ಹೇಳುತ್ತೀರಾ? ಸಂಬಳ ಅವರದ್ದಲ್ವಾ?

ಸಂಬಳ ಅವರದ್ದೇ. ಅದಕ್ಕೇ ಶುರುವಿನಲ್ಲೇ ಮೂರು ಮಾತು ಬರೆಸಿಕೊಂಡೆವು. ನಮ್ಮ ಸಂಸ್ಥೆಯ ಸುದ್ದಿ ವಾರಕ್ಕೆ ಒಂದಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ವಿಷಯ ತಪ್ಪಿದ್ದರೆ ತಿದ್ದುವ ಹಕ್ಕು ಅವರಿಗೆ ಇದೆ, ಜೋಕು ಚೆನ್ನಾಗಿಲ್ಲ ಅಂತ ತೆಗೆಸುವ ಹಕ್ಕಿಲ್ಲ. ಮತ್ತೆ, "ವಿಶ್ವದಲ್ಲೇ ಮೊದಲು" ಅನ್ನುವ ಮಾತನ್ನು ನಾವು ಸುಮ್ನೆ ಹೇಳುವುದಿಲ್ಲ.

ಒಮ್ಮೆ ನಮ್ಮವರೇ ಒಬ್ಬ ಹಿರಿಯರು ತಮ್ಮ ಪೇಪರ್ ಬಗ್ಗೆ ಹೇಳುತ್ತಿದ್ದಾಗ ನಾನು "ಸರ್, ಇದರಿಂದ ಏನು ಉಪಯೋಗ?" ಅಂತ ಕೇಳಿದೆ. ಅವರು "ಸದ್ಯಕ್ಕೆ ಏನೂ ಇಲ್ಲಪ್ಪ" ಅಂದರು. ಅದನ್ನು ತೆಗೆಯಿರಿ ಅಂತ ಮೇಲಿನಿಂದ ಫೋನ್ ಬಂತು. ಬೇಡ, ಇರಲಿ ಅಂತ ಆ ಹಿರಿಯರೇ ಹೇಳಿದರು. ಅದಾದ ಮೇಲೆ ಅವರಿಗೆ ಬಂದಷ್ಟು ಪತ್ರ ಯಾವ ಅತಿಥಿಗೂ ಬಂದಿಲ್ಲ.

ತಪ್ಪು ಹೇಳಿ ಸಿಕ್ಕಿಬಿದ್ದಿದ್ದೀರಾ?

ಓಹೋ. ದೊಡ್ಡದಾಗಿಯೇ.

ಇಂಗ್ಲಿಷಿನ ಮಿಲಿಯನ್, ಬಿಲಿಯನ್‌ಗಳನ್ನು ನಾವು ಲಕ್ಷ, ಕೋಟಿಗೆ ಇಳಿಸಿ ಹೇಳುತ್ತೇವೆ. ಮಿಲಿಯನ್ ಅಂದರೆ ಹತ್ತು ಲಕ್ಷ, ಬಿಲಿಯನ್ ಅಂದರೆ ನೂರು ಕೋಟಿ. ಒಂದು ಸಲ ನಾನು ಓದಿದ ಸುದ್ದಿಯಲ್ಲಿ ವಿಶ್ವದ ವಯಸ್ಸು 13.8 ಬಿಲಿಯನ್ ವರ್ಷ ಅಂತ ಇತ್ತು. 1,380 ಕೋಟಿ ಅನ್ನುವ ಬದಲು ಆತ್ಮವಿಶ್ವಾಸದಿಂದ 138 ಕೋಟಿ ಅಂದೆ. ಎರಡು ನಿಮಿಷ ಬಿಟ್ಟು ಭೂಮಿಯ ವಯಸ್ಸು 454 ಕೋಟಿ ಅಂತ ಸರಿಯಾಗಿ ಹೇಳಿದೆ! ಅಂದರೆ ನನ್ನ ಲೆಕ್ಕದಲ್ಲಿ ವಿಶ್ವ ಹುಟ್ಟುವುದಕ್ಕೆ ಮುನ್ನೂರು ಕೋಟಿ ವರ್ಷ ಮುಂಚೆಯೇ ಭೂಮಿ ಬಂದು ಕಾಯುತ್ತಾ ಕೂತಿತ್ತು. ಸುದ್ದಿ ಓದದೆ ಕೂತಿದ್ದ ಅವಳೂ ಗಮನಿಸಲಿಲ್ಲ, ಅವತ್ತು ಜ್ವರ ಇತ್ತು ಅನ್ನುತ್ತಾಳೆ.

ಹಿಡಿದಿದ್ದು ಒಬ್ಬ ಹೈಸ್ಕೂಲ್ ಮೇಷ್ಟ್ರು. "ಅಪ್ಪನಿಗಿಂತ ಮಗ ದೊಡ್ಡವನಾದದ್ದು ಹೇಗೆ ಅಂತ ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಕೇಳುತ್ತಿದ್ದಾರೆ" ಅಂತ ಬರೆದರು. ಮುಂದಿನ ವಾರ ಶುರುವಿನಲ್ಲೇ ತಿದ್ದುಪಡಿ ಹೇಳಿದೆವು. ಈಗಲೂ ಹಾಗೇ, ತಪ್ಪಿದ್ದರೆ ಸುದ್ದಿಗಿಂತ ಮೊದಲು ತಿದ್ದುಪಡಿ. ಕೊನೆಯಲ್ಲಿ ಹೇಳಿದರೆ ಅಷ್ಟು ಹೊತ್ತಿಗೆ ಅರ್ಧ ಜನ ಇಳಿದು ಹೋಗಿರುತ್ತಾರೆ.

ಕನ್ನಡ ಪದ ಬಳಸಿ / ಅಷ್ಟೊಂದು ಕನ್ನಡ ಪದ ಬಳಸಬೇಡಿ

ಎರಡೂ ದೂರು ಒಂದೇ ದಿನ ಬರುತ್ತವೆ, ಒಮ್ಮೊಮ್ಮೆ ಒಂದೇ ಮನೆಯಿಂದ. ಕಿವಿಗೆ ತಟ್ಟನೆ ಅರ್ಥವಾಗುವುದನ್ನು ಇಟ್ಟುಕೊಳ್ಳುತ್ತೇವೆ. ಕಪ್ಪುಕುಳಿ ಚೆನ್ನಾಗಿದೆ, ಬ್ಲ್ಯಾಕ್ ಹೋಲ್‌ಗಿಂತ ಚೆನ್ನಾಗಿದೆ. ಜೀನ್ ಜೀನ್ ಆಗಿಯೇ ಇರಲಿ. ದ್ಯುತಿಸಂಶ್ಲೇಷಣೆ ಅನ್ನುವ ಪದವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವರೆಲ್ಲ ಕೈ ಎತ್ತಿ. ಈಗ ಅರ್ಥ ಹೇಳಿ. ನಾವು "ಎಲೆ ಬಿಸಿಲಲ್ಲಿ ಅಡುಗೆ ಮಾಡುವುದು" ಅಂತ ಒಮ್ಮೆ ಹೇಳಿ, ಆಮೇಲೆ ಬೇಕಾದರೆ ಹೆಸರು ಹೇಳುತ್ತೇವೆ.

ನನಗೆ ನಿದ್ದೆ ಕೆಡಿಸುವುದು ಪದಗಳಲ್ಲ, ಅವನು-ಅದು. ಇಂಗ್ಲಿಷಿನವರಿಗೆ ಈ ಕಷ್ಟ ಇಲ್ಲ. ನಮಗೆ ಸೂರ್ಯ ಹುಟ್ಟಿದ, ಚಂದ್ರ ಬಂದ, ಇಬ್ಬರೂ ಗಂಡಸರು. ಶನಿ ಅವನೇ, ಬಹುವಚನದಲ್ಲಿ ಕರೆದರೂ ಆಶ್ಚರ್ಯ ಇಲ್ಲ. ಆದರೆ ಯುರೇನಸ್, ನೆಪ್ಚೂನ್ ಬಂದ ಕೂಡಲೇ ಬಾಯಲ್ಲಿ ತಾನಾಗಿ "ಅದು". ಪ್ಲೂಟೊವನ್ನು 2006ರಲ್ಲಿ ಗ್ರಹಗಳ ಪಟ್ಟಿಯಿಂದ ತೆಗೆದರು ಅಂತ ಜಗತ್ತು ಅತ್ತಿತು. ಕನ್ನಡದಲ್ಲಿ ಅದು ಮೊದಲೂ "ಅದು", ಈಗಲೂ "ಅದು". ನಮ್ಮಲ್ಲಿ ಯಾರೂ ಅದಕ್ಕೆ ಮರ್ಯಾದೆ ಕೊಟ್ಟೇ ಇರಲಿಲ್ಲ.

ನೀವಿಬ್ಬರೂ ಏಕವಚನದಲ್ಲಿ ಮಾತಾಡುವುದು ಸರಿಯಾ?

ಒಂದು ಎಪಿಸೋಡ್ ಪೂರ್ತಿ "ನೀವು" ಅಂತ ಮಾಡಿ ನೋಡಿದೆವು. ಬ್ಯಾಂಕಿನಲ್ಲಿ ಸಾಲ ಕೇಳುತ್ತಿರುವ ಹಾಗೆ ಇತ್ತು. ಅತಿಥಿಗಳಿಗೆ ಸರ್, ಮೇಡಂ, ನೀವು. ನಮ್ಮ ನಮ್ಮಲ್ಲಿ ನೀನು. ಒಮ್ಮೆ ಅವಳು ನೇರವಾಗಿ "ಲೋ" ಅಂದಿದ್ದಾಳೆ, ಅದನ್ನು ಕತ್ತರಿಸಿದ್ದೇನೆ.

ಯಾವ ವಿಷಯದ ಮೇಲೆ ತಮಾಷೆ ಮಾಡುವುದಿಲ್ಲ?

ಮಂಗನ ಕಾಯಿಲೆಯಿಂದ ಕಲಿತೆವು. ಉಣುಗಿನಿಂದ ಹರಡುವ ಈ ರೋಗವನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ. ಸುದ್ದಿ ಹೇಳುವಾಗ ಹೆಸರು ಹಿಡಿದುಕೊಂಡು ನಾನೇ ಒಂದು ಜೋಕು ಹೊಡೆದೆ, ಆಫೀಸಿನಲ್ಲಿ ಯಾರಿಗಾದರೂ ಬಂದಿರಬಹುದು ಅಂತ. ಸಾಗರದ ಕಡೆಯ ಒಬ್ಬ ಹೆಂಗಸು ಪತ್ರ ಬರೆದರು. ಬೈದಿರಲಿಲ್ಲ. ಆ ಜ್ವರ ತಮ್ಮ ಮನೆಯಿಂದ ಯಾರನ್ನು ಕರೆದುಕೊಂಡು ಹೋಯಿತು ಅಂತ ಎರಡು ಸಾಲು ಇತ್ತು, ಅಷ್ಟೇ. ಆ ಭಾಗ ತೆಗೆದು ಎಪಿಸೋಡ್ ಮತ್ತೆ ಹಾಕಿದೆವು. 2024ರ ಜುಲೈ ಕೊನೆಯಲ್ಲಿ ವಯನಾಡಿನ ಗುಡ್ಡ ಕುಸಿದಾಗ ಆ ವಾರ ತಲೆಹರಟೆಯೇ ಬೇಡ ಅಂತ, ಗುಡ್ಡ ಯಾಕೆ ಕುಸಿಯುತ್ತದೆ ಅನ್ನುವುದನ್ನು ಮಾತ್ರ ಹೇಳಿದೆವು.

ಕಾಯಿಲೆ ಬಿದ್ದವರ ಮೇಲೆ, ಸತ್ತವರ ಮೇಲೆ, ಯಾರದೋ ರೂಪದ ಮೇಲೆ ಇಲ್ಲ. ನನ್ನ ಪಿಯುಸಿ ಮಾರ್ಕ್ಸ್ ಮೇಲೆ ಎಷ್ಟು ಬೇಕಾದರೂ.

ಇಪ್ಪತ್ತೈದು ನಿಮಿಷಕ್ಕೆ ಎಷ್ಟು ಹೊತ್ತು ಬೇಕು? ಏನೇನು ಸಾಮಾನು ಬೇಕು?

ಓದುವುದಕ್ಕೇ ಎರಡು ದಿನ. ಮಾತಾಡುವುದು ಒಂದು ಗಂಟೆ, ಕತ್ತರಿಸುವುದು ಐದಾರು ಗಂಟೆ. ಸಾಮಾನು ಕಮ್ಮಿ: ಎರಡು ಡೈನಾಮಿಕ್ ಮೈಕು, ಒಂದು ಲ್ಯಾಪ್‌ಟಾಪ್, ಅಡಾಸಿಟಿ ಅನ್ನುವ ಬಿಟ್ಟಿ ಸಾಫ್ಟ್‌ವೇರ್. ಇಬ್ಬರ ದನಿಯನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಹಿಡಿಯಿರಿ, ಇಲ್ಲವಾದರೆ ಒಬ್ಬರ ಕೆಮ್ಮು ತೆಗೆಯಲು ಹೋಗಿ ಇನ್ನೊಬ್ಬರ ಮಾತೂ ಹೋಗುತ್ತದೆ. ಫ್ಯಾನ್ ಆರಿಸಿ. ದಪ್ಪ ಪರದೆ, ಹಾಸಿಗೆ, ಬಟ್ಟೆ ತುಂಬಿದ ಬೀರು ಇರುವ ರೂಮು ಯಾವ ಸ್ಟುಡಿಯೋಗೂ ಕಮ್ಮಿಯಿಲ್ಲ.

ಕನ್ನಡದಲ್ಲಿ ಇನ್ನೊಂದು ತೊಂದರೆ ಇದೆ, ಮಹಾಪ್ರಾಣ. ಫ, ಭ ಬಂದಾಗ ಬಾಯಿಂದ ಗಾಳಿ ನುಗ್ಗಿ ಮೈಕಿನಲ್ಲಿ ಧಡ್ ಅನ್ನುತ್ತದೆ. ಮೈಕನ್ನು ಬಾಯಿಗೆ ನೇರ ಇಡದೆ ಸ್ವಲ್ಪ ಓರೆಯಾಗಿ ಇಡಿ, ಮುಂದೆ ಗಾಳಿ ತಡೆಯುವ ಒಂದು ಪಾಪ್ ಫಿಲ್ಟರ್ ಹಾಕಿ. ವಿಷಯದ ಹೆಸರೇ "ಭೌತವಿಜ್ಞಾನ" ಆದ ಮೇಲೆ ತಪ್ಪಿಸಿಕೊಳ್ಳಲು ಬೇರೆ ದಾರಿ ಇಲ್ಲ.

ದುಡ್ಡು ಬರುತ್ತಾ?

ಪಾಡ್‌ಕಾಸ್ಟ್‌ನಿಂದ ಇಲ್ಲ.

ನಾವೂ ಶುರು ಮಾಡಬೇಕು ಅಂತಿದ್ದೇವೆ. ಜೊತೆಗಾರರನ್ನು ಹೇಗೆ ಹುಡುಕುವುದು?

ನಿಮ್ಮ ಹಾಗೆ ಇರುವವರನ್ನು ಬಿಡಿ. ಇಬ್ಬರು ಭೌತವಿಜ್ಞಾನಿಗಳು ಸೇರಿದರೆ ಸೆಮಿನಾರ್ ಆಗುತ್ತದೆ, ಇಬ್ಬರು ಹಾಸ್ಯಗಾರರು ಸೇರಿದರೆ ವಿಜ್ಞಾನ ಹೋಗುತ್ತದೆ. "ಗೊತ್ತಾಗಲಿಲ್ಲ, ಇನ್ನೊಂದ್ಸಲ ಹೇಳು" ಅಂತ ನಾಚಿಕೆಯಿಲ್ಲದೆ ಕೇಳುವವರು ಒಬ್ಬರು ಬೇಕು. ಇನ್ನೊಬ್ಬರು ಎರಡನೇ ಸಲ ಹೇಳುವಾಗ ಅದೇ ವಾಕ್ಯವನ್ನು ಜೋರಾಗಿ ಹೇಳದೆ, ಬೇರೆ ಥರ ಹೇಳುವವರಾಗಿರಬೇಕು. ಎರಡನೆಯವರು ಸಿಗುವುದು ಕಷ್ಟ.

ಹಿಂದೆ ಆಗಾಗ "ಟಿಂಗ್" ಅಂತ ಸದ್ದು ಬರುತ್ತದಲ್ಲ, ಏನದು?

ನಾವು ರೆಕಾರ್ಡ್ ಮಾಡುವ ರೂಮಿನ ಗೋಡೆಯಾಚೆ ಪ್ಯಾಂಟ್ರಿ. ಅಲ್ಲಿನ ಮೈಕ್ರೋವೇವ್ ಅದು. ಮೊದಮೊದಲು ಪ್ರತಿ ಟಿಂಗ್ ಅನ್ನೂ ಹುಡುಕಿ ಕತ್ತರಿಸುತ್ತಿದ್ದೆ. ಪಾರ್ಕ್ಸ್ ದೂರದರ್ಶಕದ ಕಥೆ ಹೇಳಿದ ಮೇಲೆ ಬಿಟ್ಟುಬಿಟ್ಟೆ.

ಆಸ್ಟ್ರೇಲಿಯಾದಲ್ಲಿರುವ 64 ಮೀಟರ್ ಅಗಲದ ರೇಡಿಯೋ ದೂರದರ್ಶಕ ಅದು. 1998ರಿಂದ ಅದರಲ್ಲಿ ಆಗಾಗ ವಿಚಿತ್ರ ಮಿಣುಕು ಸಂಕೇತಗಳು ಬರುತ್ತಿದ್ದವು. ಬಹಳ ದೂರದ ಗ್ಯಾಲಕ್ಸಿಗಳಿಂದ ಬರುವ ನಿಜವಾದ ರೇಡಿಯೋ ಸ್ಫೋಟಗಳ ಥರವೇ ಕಾಣುತ್ತಿದ್ದರಿಂದ ತಲೆನೋವು ಇನ್ನೂ ಜಾಸ್ತಿ. ಇವು ಬರುತ್ತಿದ್ದದ್ದು ಜನ ಕೆಲಸದಲ್ಲಿರುವ ಹೊತ್ತಿನಲ್ಲೇ. 2015ರಲ್ಲಿ ಕಾರಣ ಸಿಕ್ಕಿತು. ಯಾರೋ ಹಸಿವಾಗಿ, ಟಿಂಗ್ ಅನ್ನುವ ಮೊದಲೇ ಮೈಕ್ರೋವೇವ್ ಬಾಗಿಲು ತೆಗೆಯುತ್ತಿದ್ದರು. ಆ ಕ್ಷಣದಲ್ಲಿ ಹೊರಗೆ ಸೋರಿದ ಅಲೆಯನ್ನು ದೂರದರ್ಶಕ ಹಿಡಿದುಕೊಳ್ಳುತ್ತಿತ್ತು. ದೂರದ ಸ್ಫೋಟಗಳು ನಿಜ, ಇವು ಮಾತ್ರ ಊಟದ ಡಬ್ಬಿ.

ಅವಳು ಈ ಕಥೆ ಹೇಳಿ ಮುಗಿಸುವ ಹೊತ್ತಿಗೆ ಸರಿಯಾಗಿ ಗೋಡೆಯಾಚೆ ಟಿಂಗ್ ಅಂತು. ನಾವಿಬ್ಬರೂ ಸುಮ್ಮನಾದೆವು. ಬಾಗಿಲು ತೆಗೆದ ಸದ್ದು, ಚಮಚದ ಸದ್ದು, ಆಮೇಲೆ ಯಾರೋ "ಉಪ್ಪಿಟ್ಟು ಇನ್ನೂ ತಣ್ಣಗಿದೆ ಮಾರಾಯ" ಅಂದರು. ಅದೂ ಎಪಿಸೋಡ್‌ನಲ್ಲಿದೆ, ಕಿವಿಗೊಟ್ಟು ಕೇಳಿದರೆ ಕೇಳಿಸುತ್ತದೆ.